ಕೆರೆ ಮೀನು ಸಾಕಣೆ: ಬೆಳಗಿನ ಜಾವದ ನೀರು ನೋಡುವ ಬಗೆ

ಊರ ಕೆರೆ ಗುತ್ತಿಗೆ ಹಿಡಿದು ಕಾಟ್ಲಾ, ರೋಹು, ಮೃಗಾಲ್ ಬೆಳೆಸುವವರು ಹೆಚ್ಚು ತಲೆ ಕೆಡಿಸಿಕೊಳ್ಳುವುದು ಮರಿ, ಮೇವು, ಹರಾಜಿನ ದುಡ್ಡಿನ ಬಗ್ಗೆ. ನಾನು ಕಂಡಂತೆ ಲಾಭ ನಷ್ಟ ತೀರ್ಮಾನವಾಗುವುದು ಬೆಳಗಿನ ಜಾವ ನಾಲ್ಕರಿಂದ ಆರರೊಳಗೆ. ಹಗಲೆಲ್ಲ ಆಮ್ಲಜನಕ ಬಿಡುವ ಹಸಿರು ಪಾಚಿ ರಾತ್ರಿ ಅದನ್ನೇ ಉಸಿರಾಡಿ ಖಾಲಿ ಮಾಡುತ್ತದೆ. ಮಧ್ಯಾಹ್ನ ಲೀಟರಿಗೆ 10 ಮಿಲಿಗ್ರಾಂ ದಾಟಿದ ಕೆರೆಯೇ ಸೂರ್ಯೋದಯಕ್ಕೆ ಮುಂಚೆ 2ಕ್ಕೆ ಇಳಿದಿರಬಹುದು. 5 ಇದ್ದರೆ ನೆಮ್ಮದಿ, 3ಕ್ಕಿಂತ ಕೆಳಗೆ ಮೀನಿಗೆ ಸಂಕಟ. ಆದ್ದರಿಂದ ಹನ್ನೊಂದು ಗಂಟೆಗೆ ದಡದಲ್ಲಿ ನಿಂತು ಪರೀಕ್ಷೆ ಮಾಡಿ ‘ನೀರು ಚೆನ್ನಾಗಿದೆ’ ಎನ್ನುವುದಕ್ಕೆ ಅರ್ಥವಿಲ್ಲ.

ಪರೀಕ್ಷೆಗೆ ಹನಿ ಹಾಕಿ ನೋಡುವ ಕಿಟ್ ಸಾಕು. ಶೀಶೆಯನ್ನು ಮೊಣಕೈ ಆಳದಲ್ಲಿ ಮುಳುಗಿಸಿ, ಒಂದೂ ಗುಳ್ಳೆ ಉಳಿಯದಂತೆ ಓರೆ ಮಾಡಿ ತುಂಬಿಸಿ, ಮುಚ್ಚಳವನ್ನೂ ನೀರೊಳಗೇ ಹಾಕಬೇಕು. ಗುಳ್ಳೆ ಉಳಿದರೆ ಗಾಳಿಯ ಆಮ್ಲಜನಕ ಸೇರಿ ಲೆಕ್ಕ ಮೇಲೇರುತ್ತದೆ. ಮೊದಲ ಎರಡು ದ್ರಾವಣ ಹಾಕಿದಾಗ ಕಂದು ಗಸಿ ಕಟ್ಟಿದರೆ ಆಮ್ಲಜನಕ ಇದೆ. ಗಸಿ ಬೆಳ್ಳಗೇ ಉಳಿದರೆ ಇಲ್ಲವೇ ಇಲ್ಲ ಎಂದರ್ಥ; ಮುಂದಿನ ಹನಿ ಎಣಿಸುತ್ತ ಕೂರದೆ ನೀರೆತ್ತಿ ಸಿಡಿಸಲು ಪಂಪು ಹೊರಡಿಸಿ.

ದಿನವೂ ಕಿಟ್ ಬೇಡ, ತಟ್ಟೆ ಸಾಕು. 20 ಸೆಂ.ಮೀ. ಅಗಲದ ಹಳೆಯ ಸ್ಟೀಲ್ ತಟ್ಟೆಯನ್ನು ಗೆರೆ ಎಳೆದು ನಾಲ್ಕು ಭಾಗ ಮಾಡಿ, ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿಯಿರಿ. ನಡುವೆ ತೂತು ಕೊರೆದು, ಕೆಳಗೆ ಭಾರ ಕಟ್ಟಿ, 10 ಸೆಂ.ಮೀ.ಗೊಂದು ಗಂಟಿರುವ ನೈಲಾನ್ ಹಗ್ಗದಲ್ಲಿ ನಡುಮಧ್ಯಾಹ್ನ ತೆಪ್ಪದ ನೆರಳಿನ ಬದಿಗೆ ಇಳಿಬಿಡಿ. 30ರಿಂದ 40 ಸೆಂ.ಮೀ.ಗೆ ಮರೆಯಾದರೆ ನೀರು ಹದವಾಗಿದೆ. 20ರೊಳಗೇ ಕಾಣದಾದರೆ ಪಾಚಿ ಮಿತಿಮೀರಿದೆ: ಕೆರೆಗೆ ಗೊಬ್ಬರವಾಗಿ ಹಾಕುವ ಸಗಣಿ, ಮೇವು ಎರಡನ್ನೂ ಅಂದೇ ನಿಲ್ಲಿಸಬೇಕು. 60 ದಾಟಿದರೂ ಕಂಡರೆ ಮೀನಿಗೆ ಸಹಜ ಆಹಾರ ಸಾಲದು. ಮಳೆಯ ಕೆಂಪು ನೀರಿನಲ್ಲಿ ಈ ಲೆಕ್ಕ ನಡೆಯದು. ಗಾಜಿನ ಲೋಟದಲ್ಲಿ ಹಿಡಿದು ಬಣ್ಣ ಹಸಿರೋ ಮಣ್ಣೋ ನೋಡಬೇಕು.

ಬೇಸಿಗೆಯ ಕೊನೆಗೆ ನೀರು ಆಳು ಮಟ್ಟಕ್ಕಿಂತ ಇಳಿದಾಗ ಬರುವ ಮೊದಲ ಜೋರು ಮಳೆಯೇ ಎಲ್ಲಕ್ಕಿಂತ ಅಪಾಯ. ಊರ ಚರಂಡಿ, ತಿಪ್ಪೆ, ಹೊಲದ ಗೊಬ್ಬರ ಒಟ್ಟಿಗೆ ಹರಿದು ಬರುತ್ತವೆ. ಗಾಳಿಗೆ ತಳದ ಕಪ್ಪು ಕೆಸರೂ ಕದಡುತ್ತದೆ. ಮೇಲೆ ಎರಡು ದಿನ ಮೋಡ ಕವಿದರೆ ಪಾಚಿ ಆಮ್ಲಜನಕ ಕೊಡುವುದೂ ತೀರ ಕಡಿಮೆಯಾಗುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದವು; ಕೊಳಚೆ ಸೇರುವ ಕೆರೆಯಲ್ಲಿ ಬೇಸಿಗೆ ಎಂದರೆ ಹೀಗೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಹರಿಸಿದ ನೀರು ಬಂದ ಕೋಲಾರದ ಕೆರೆಗಳಲ್ಲಿ ನೀರಿಗೇನೋ ಬರವಿಲ್ಲ, ಆದರೆ ಅದರಲ್ಲಿ ಸಾರಜನಕ, ರಂಜಕ ಉಳಿದಿರುವುದರಿಂದ ಪಾಚಿ ಬೇಗ ಏರುತ್ತದೆ. ಅಲ್ಲಿ ಸಗಣಿ ಹಾಕುವುದೇ ಬೇಡ.

ಮೀನು ಸತ್ತಾಗ ಕಾರಣ ಹೇಳುವುದೂ ಕಷ್ಟವಲ್ಲ. ಬೆಳಗಿನ ಜಾವ ಸತ್ತು, ದೊಡ್ಡ ಮೀನೇ ಮೊದಲು ಹೋಗಿ, ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕದ ಕೊರತೆ. ಗಾಳಿ ಕುಡಿಯುವ ಕೊರವ ಮೀನು ಆಗಲೂ ಆರಾಮಾಗಿ ಓಡಾಡಿಕೊಂಡಿರುತ್ತದೆ. ಹೊತ್ತುಗೊತ್ತಿಲ್ಲದೆ ಚಿಕ್ಕದು ದೊಡ್ಡದು ಒಟ್ಟಿಗೆ ಸತ್ತು, ನೀರಹುಳುಗಳೂ ಕಾಣದಾದರೆ ಮೇಲಿನ ಹೊಲದ ಔಷಧಿಯ ಕಡೆ ನೋಡಿ. ಬಾಯಿ ಬಿಡುವ ಹೊತ್ತಿನಲ್ಲಿ ಮಾಡಬೇಕಾದ್ದು ಇಷ್ಟೇ: ಮೇವು ನಿಲ್ಲಿಸಿ, ಡೀಸೆಲ್ ಪಂಪಿನಿಂದ ಮೇಲ್ಪದರದ ನೀರೆತ್ತಿ ಎತ್ತರದಿಂದ ಚದುರುವಂತೆ ಕೆರೆಗೇ ಬಿಡಿ; ಬೋರ್‌ವೆಲ್ ನೀರನ್ನೂ ಹಾಗೆಯೇ ಸಿಡಿಸಿ ಬಿಡಬೇಕು, ಏಕೆಂದರೆ ನೆಲದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ. ಪಂಪಿನ ನೀರು ಹೀರುವ ಪೈಪನ್ನು ತಳದ ಕೆಸರಿಗೆ ತಾಗಿಸಬೇಡಿ. ಸುಣ್ಣವನ್ನಂತೂ ಆ ಗಾಬರಿಯಲ್ಲಿ ಎರಚಬಾರದು: ಕ್ಷಾರ ಏರಿದಷ್ಟೂ ನೀರಿನ ಅಮೋನಿಯಾ ವಿಷವಾಗುತ್ತದೆ.

ಮರಿ ಬಿಡುವುದು ಕೆರೆಗೆ ಹೊಸ ನೀರು ಬಂದು ನಿಂತ ಮೇಲೆ. ಹೆಬ್ಬೆರಳಿಗಿಂತ ಚಿಕ್ಕವು ಕೊರವಕ್ಕೆ ತುತ್ತಾಗುತ್ತವೆ; 8ರಿಂದ 10 ಸೆಂ.ಮೀ. ಮರಿಗೆ ದುಡ್ಡು ಹೆಚ್ಚಾದರೂ ಉಳಿಯುವುದು ಹೆಚ್ಚು. ಹೆಕ್ಟೇರಿಗೆ 2,000ದಿಂದ 3,000, ಕಾಟ್ಲಾ ನಾಲ್ಕು ಪಾಲು, ರೋಹು, ಮೃಗಾಲ್ ಮೂರು ಮೂರು ಪಾಲು ನನಗೆ ಒಗ್ಗಿದ ಲೆಕ್ಕ. ಚೀಲಗಳನ್ನು 15–20 ನಿಮಿಷ ತೇಲಿಬಿಟ್ಟು, ಬಾಯಿ ಬಿಚ್ಚಿ ಕೆರೆ ನೀರನ್ನು ಬೊಗಸೆ ಬೊಗಸೆಯಾಗಿ ಸೇರಿಸಿ, ಮರಿ ತಾನಾಗಿ ಈಜಿ ಹೋಗಲು ಬಿಡಬೇಕು. ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಸಮ ಸಮ ಬೆರೆಸಿ, ತೂತು ಮಾಡಿದ ಗೊಬ್ಬರದ ಖಾಲಿ ಚೀಲವನ್ನು ಚೆನ್ನಾಗಿ ತೊಳೆದು ಅದರಲ್ಲಿ ತುಂಬಿ ಗೂಟಕ್ಕೆ ತೂಗಬಿಟ್ಟರೆ ಮೇವು ತಳಕ್ಕೆ ಬಿದ್ದು ಕೊಳೆಯದು. ಮಾರನೆ ದಿನ ಚೀಲ ಭಾರವಾಗಿದ್ದರೆ ಅಂದು ಮೇವಿಲ್ಲ.

ತೆಪ್ಪ ಇಳಿಸುವ ಜಾಗವನ್ನು ಏರಿಯ ನಡುವೆ ಮಾಡಬೇಡಿ. ಒಳಮೈಯ ಕಲ್ಲುಕಟ್ಟಣೆ ಕಿತ್ತು ದಾರಿ ಮಾಡಿದರೆ ಅಲೆ ಅಲ್ಲಿಂದಲೇ ಮಣ್ಣು ಕೊರೆಯುತ್ತದೆ. ನೀರು ಒಳಬರುವ ಬಾಯಿಯಲ್ಲಿ ಮೊಣಕಾಲುದ್ದ ಹೂಳು. ತೂಬು ತೆಗೆದಿದ್ದಾಗ ಅದರ ಹತ್ತಿರ ಸೆಳೆತವಿದೆ. ಏರಿ ಮುಗಿದು ಗಟ್ಟಿ ನೆಲ ಶುರುವಾಗುವ ಪಕ್ಕದ ಅಂಚೇ ಸರಿ. ನೀರು ಇಳಿದಂತೆ ದಾರಿಯೂ ಮುಂದಕ್ಕೆ ಹೋಗಬೇಕಾದ್ದರಿಂದ ಜಲ್ಲಿ, ಚಪ್ಪಡಿ ಹಾಸಿಟ್ಟುಕೊಳ್ಳಿ. ದುಂಡು ತೆಪ್ಪದಲ್ಲಿ ಎದ್ದು ನಿಂತು ಬಲೆ ಎಳೆಯಬಾರದು, ಬಲೆ ಎಳೆಯುವವರು ಒಂದೇ ಬದಿಗೆ ಕೂರಲೂ ಬಾರದು. ಈಜು ಬಂದರೂ ಲೈಫ್ ಜಾಕೆಟ್ ಬೇಕು: ತಂಗೂಸಿ (ನೈಲಾನ್ ಎಳೆಯ) ಬಲೆ ಕಾಲಿಗೆ ಸುತ್ತಿದರೆ ಈಜು ಕೆಲಸಕ್ಕೆ ಬಾರದು. ಕೋಡಿ ಹರಿಯುವಾಗ ಮೀನು ಹೋಗುತ್ತದೆಂದು ಅಡ್ಡಲಾಗಿ ಸಣ್ಣ ಕಣ್ಣಿನ ಬಲೆ ಕಟ್ಟುವವರಿದ್ದಾರೆ. ಕಸ, ಅಂತರಗಂಗೆ ಕಳೆ ಸಿಕ್ಕಿ ನೀರು ನಿಂತರೆ ಏರಿಗೇ ಕುತ್ತು. ಕೋಡಿಯಿಂದ ಕೆಳಗೆ ಹಳ್ಳದಲ್ಲಿ ಅಗಲ ಸಂದಿನ ಬಿದಿರಿನ ತಡಿಕೆ ನಿಲ್ಲಿಸಿ, ಗಂಟೆಗೊಮ್ಮೆ ಕಸ ತೆಗೆಯಲು ಆಳಿದ್ದರೆ ಮಾತ್ರ ಇಡಿ. ಇಲ್ಲದಿದ್ದರೆ ಹೋದಷ್ಟು ಮೀನು ಹೋಗಲಿ.

ನಾಲ್ಕಿಂಚು ಕಣ್ಣಿನ ಬಲೆಯನ್ನು ಸಂಜೆ ಹಾಸಿ ಬೆಳಗಾಗುವ ಮುಂಚೆ ಎತ್ತಿದರೆ ಸುಮಾರು ಒಂದು ಕಿಲೋ ಮೇಲಿನವು ಸಿಗುತ್ತವೆ, ಚಿಕ್ಕವು ಉಳಿಯುತ್ತವೆ. ನೀರು ಬತ್ತುವ ಕೆರೆಯಲ್ಲಿ ಮಾರ್ಚ್‌ನಿಂದಲೇ ಹೀಗೆ ಮೀನಿನ ಸಂಖ್ಯೆ ಇಳಿಸುತ್ತ ಬರಬೇಕು. ಬೇಸಿಗೆಯಲ್ಲಿ ದರ ಏರಲಿ ಎಂದು ಮೇ ತಿಂಗಳವರೆಗೆ ಎಲ್ಲ ಮೀನನ್ನೂ ಇಟ್ಟುಕೊಂಡವರ ಕೆರೆಯಲ್ಲೇ ಮೊದಲ ಮಳೆಗೆ ಹೆಚ್ಚು ನಷ್ಟ.