ಮಳೆಗಾಲದಲ್ಲಿ ಊರಿಗೆ ಹೊರಡುವ ಮುಂಚೆ ಸಿನಿಮಾ ತುಂಬಿಕೊಳ್ಳಿ

ಚಿಕ್ಕಮಗಳೂರಿನಲ್ಲಿ ಹಾಸ್ಟೆಲ್, ಮನೆ ಮಾತ್ರ ಕಳಸ, ಕೊಪ್ಪ, ಮೂಡಿಗೆರೆ ಕಡೆ ಅನ್ನುವವರಿಗೆ ಇದು. ಮಳೆ ಹಿಡಿದರೆ ಮೊದಲು ಕರೆಂಟು ಹೋಗುತ್ತದೆ, ಹಿಂದೆಯೇ ನೆಟ್‌ವರ್ಕು. ಆದ್ದರಿಂದ ವೈಫೈ ಇರುವಾಗಲೇ ಡೌನ್‌ಲೋಡ್ ಮಾಡಿಕೊಂಡು ಬಸ್ ಹತ್ತಿ.

ಅಷ್ಟಕ್ಕೇ ಮುಗಿಯಲಿಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ಕೆಲವು ಸಿನಿಮಾಗಳು ಒಮ್ಮೆ ಪ್ಲೇ ಒತ್ತಿದ ಮೇಲೆ 48 ಗಂಟೆ ಕಳೆದರೆ ಲಾಕ್ ಆಗುತ್ತವೆ. 'ಸುಮ್ನೆ ಐದು ನಿಮಿಷ ನೋಡೋಣ' ಅಂತ ಬಸ್‌ಸ್ಟ್ಯಾಂಡಿನಲ್ಲೇ ಶುರು ಮಾಡಬೇಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಡೌನ್‌ಲೋಡ್ ಪಟ್ಟಿ ತೆರೆಯುತ್ತದಾ ಅಂತ ನೋಡಿದರೆ ಸಾಕು. ಸ್ಪಾಟಿಫೈ ಪ್ರೀಮಿಯಂ ಇದ್ದವರು 30 ದಿನಕ್ಕೊಮ್ಮೆಯಾದರೂ ನೆಟ್ ಆನ್ ಮಾಡಬೇಕು, ಇಲ್ಲದಿದ್ದರೆ ಇಳಿಸಿಕೊಂಡ ಹಾಡುಗಳು ಹೋಗುತ್ತವೆ.

ಅಜ್ಜಿ ಜೊತೆ ಕೂತು ನೋಡುವ ಯೋಚನೆ ಇದ್ದರೆ, ಡಬ್ ಆದ ಸಿನಿಮಾಕ್ಕೆ ಕನ್ನಡ ಆಡಿಯೋ ಇಳಿದಿದೆಯಾ ಅಂತ ಇಲ್ಲೇ ನೋಡಿಕೊಳ್ಳಿ. ಅಲ್ಲಿ ಹೋಗಿ ಪ್ರತಿ ಡೈಲಾಗಿಗೂ ಅರ್ಥ ಹೇಳುತ್ತಾ ಕೂತರೆ ಸಿನಿಮಾ ನೋಡಿದ ಹಾಗೇ ಅಲ್ವಾ! ಫೋನಿನಲ್ಲಿ ನೋಡಲು ದೊಡ್ಡ ಕ್ವಾಲಿಟಿ ಬೇಡ, ಸುಮ್ನೆ ಜಾಗ ತಿನ್ನುತ್ತದೆ.

ಊರು ತಲುಪಿದ ಮೇಲೆ, ಯಾರ ಕಾಲ್‌ಗೂ ಕಾಯುತ್ತಿಲ್ಲವಾದರೆ ಮತ್ತೆ ಏರೋಪ್ಲೇನ್ ಮೋಡ್ ಹಾಕಿ. ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿ ಆಗುತ್ತದೆ. ಪವರ್ ಬ್ಯಾಂಕ್ ಫುಲ್ ಮಾಡಿಕೊಂಡಿರಿ. ಇಯರ್‌ಫೋನ್ ವೈರಿನದೇ ಇರಲಿ, ಅದನ್ನು ಚಾರ್ಜ್ ಮಾಡುವ ತಲೆನೋವಿಲ್ಲ. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಫೋನಿನ ಸ್ಪೀಕರ್ ಎಷ್ಟು ಜೋರು ಇಟ್ಟರೂ ಕೇಳುವುದಿಲ್ಲ.