ಹೊಸಬರನ್ನು ಕರೆತರುವುದು ಹಳಬರೇ

ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿ ಎಚ್‌ಆರ್ ಕೆಲಸ ನನ್ನದು. ಟೈಲರ್‌ಗಳು ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ ಅಂತ ಈ ಕಡೆ ಎಲ್ಲರದ್ದೂ ಒಂದೇ ಗೋಳು. ಅದಕ್ಕೆ ಪಾಂಪ್ಲೆಟ್ ಹಂಚುತ್ತಾರೆ, ಆಟೋಗೆ ಮೈಕ್ ಕಟ್ಟಿ ಹಳ್ಳಿ ಸುತ್ತಿಸುತ್ತಾರೆ. ಆದರೆ ಆಲೂರು, ಅರಕಲಗೂಡು ಕಡೆಯಿಂದ ಬರುವ ಹೆಣ್ಣುಮಕ್ಕಳು ಅದನ್ನೆಲ್ಲ ನಂಬಿ ಬರುವುದಿಲ್ಲ. ಊರಲ್ಲಿ ಯಾರು ನಮ್ಮಲ್ಲಿ ಕೆಲಸಕ್ಕೆ ಇದ್ದಾರೋ ಅವರನ್ನು ಕೇಳುತ್ತಾರೆ. ಸಂಬಳ ಸರಿಯಾಗಿ ಆಗುತ್ತಾ, ಸೂಪರ್‌ವೈಸರ್ ಬೈತಾರಾ, ಹಬ್ಬಕ್ಕೆ ರಜೆ ಕೊಡ್ತಾರಾ. ಇಷ್ಟೇ ಪ್ರಶ್ನೆ. ಹಾಗಾಗಿ ನನ್ನ ಗಮನವೆಲ್ಲ ಒಳಗಿರುವವರ ಮೇಲೆ.

ಮೊದಲು ಹಿಡಿದಿದ್ದು ಸಂಬಳದ ಚೀಟಿ. ಸಂಬಳ ಬಂದ ದಿನ ಯಾರಾದರೂ ಬಂದು, "ಮೇಡಂ, ಇಷ್ಟೊಂದು ಕಟ್ ಮಾಡಿದ್ದೀರಲ್ಲ, ಎಲ್ಲಿ ಹೋಯ್ತು ದುಡ್ಡು?" ಅಂತ ಕೇಳುವುದು ಮಾಮೂಲಿ. ಕೇಳಬೇಕಾದ್ದೇ ಅಲ್ವಾ? ಅದಕ್ಕೆ ಚೀಟಿಯನ್ನು ಕನ್ನಡದಲ್ಲಿ ಮಾಡಿಸಿದೆ. ಊಟದ ಬಿಡುವಿನಲ್ಲಿ ನಾಲ್ಕೈದು ಜನರನ್ನು ಕೂರಿಸಿಕೊಂಡು ಲೆಕ್ಕ ಬಿಡಿಸಿ ಹೇಳುತ್ತೇನೆ. ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಲೆಕ್ಕಕ್ಕೆ ಬರುವ ಸಂಬಳ 12,000 ಇದ್ದರೆ ಪಿಎಫ್‌ಗೆ ನಿಮ್ಮದು 1,440, ಇಎಸ್‌ಐಗೆ 90. ಕಂಪನಿ ತನ್ನ ಕೈಯಿಂದ ಪಿಎಫ್‌ಗೆ 1,440, ಇಎಸ್‌ಐಗೆ 390 ಹಾಕುತ್ತದೆ. ಕಂಪನಿಯ ಪಿಎಫ್ ಪಾಲಿನಲ್ಲಿ ಸುಮಾರು 1,000 ಪೆನ್ಷನ್‌ಗೆ ಹೋಗುತ್ತದೆ, ಉಳಿದದ್ದು ನಿಮ್ಮ ಖಾತೆಗೇ. ಆಮೇಲೆ ಅವರವರ ಮೊಬೈಲ್‌ನಲ್ಲೇ ಸರ್ಕಾರದ ಉಮಂಗ್ ಆಪ್ ಹಾಕಿಸಿ ಪಿಎಫ್ ಪಾಸ್‌ಬುಕ್ ತೆಗೆಸುತ್ತೇನೆ. ತಮ್ಮ ಹೆಸರಿನಲ್ಲಿ ದುಡ್ಡು ಕೂಡಿದ್ದನ್ನು ಕಣ್ಣಾರೆ ನೋಡಿದವರು ಮನೆಗೆ ಹೋಗಿ ಗಂಡನಿಗೂ ತೋರಿಸುತ್ತಾರೆ. "ಗಾರ್ಮೆಂಟ್ಸ್‌ನೋರು ಸುಮ್ನೆ ಕಟ್ ಮಾಡ್ಕೊತಾರೆ" ಅನ್ನೋ ಮಾತು ಅಲ್ಲಿಗೆ ನಿಲ್ಲುತ್ತದೆ.

ರಜೆಯದ್ದು ಬೇರೆ ಕಥೆ. ಹಾಸನಾಂಬೆ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ಎಲ್ಲರಿಗೂ ದರ್ಶನಕ್ಕೆ ಹೋಗಬೇಕು. ಅದು ಮುಗಿದು ಸ್ವಲ್ಪ ದಿನಕ್ಕೆ ರಾಗಿ ಕೊಯ್ಲು. ರಜೆ ಇಲ್ಲ ಅಂದರೆ ಅವರು ಹೇಳದೆ ಕೇಳದೆ ನಿಲ್ಲುತ್ತಾರೆ, ಹೊಲಿಗೆ ಮೆಷಿನ್‌ಗಳ ಸಾಲು, ಅಂದರೆ ಲೈನ್, ಖಾಲಿ ಹೊಡೆಯುತ್ತದೆ. ನಾವು ಒಂದು ತಿಂಗಳು ಮೊದಲೇ ಲೈನ್‌ವಾರು ಪಟ್ಟಿ ಬರೆಸುತ್ತೇವೆ, ಯಾರು ಯಾವತ್ತು ಅನ್ನೋದನ್ನು ಅವರವರೇ ಮಾತಾಡಿಕೊಳ್ಳುತ್ತಾರೆ. ಪ್ರೊಡಕ್ಷನ್‌ನವರು ಶುರುವಿನಲ್ಲಿ ಒಪ್ಪಲಿಲ್ಲ. ಗೊತ್ತಿರುವ ರಜೆಗೆ ಟಾರ್ಗೆಟ್ ಹೊಂದಿಸಬಹುದು, ಗೊತ್ತಿಲ್ಲದ ಗೈರುಹಾಜರಿಗೆ ಏನೂ ಮಾಡೋಕಾಗಲ್ಲ ಅಂತ ಈಗ ಅವರೇ ಹೇಳುತ್ತಾರೆ.

ಬೈಗುಳದ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಪೀಸ್ ರಿಜೆಕ್ಟ್ ಆದರೆ ಸೂಪರ್‌ವೈಸರ್ ಮೆಷಿನ್ ಹತ್ತಿರ ಹೋಗಿ ಹೊಲಿಗೆ ಎಲ್ಲಿ ಜಾರಿದೆ ಅಂತ ತೋರಿಸಬೇಕು, ಎಲ್ಲರೆದುರು ಕೂಗಾಡುವ ಹಾಗಿಲ್ಲ. ದುಡ್ಡು ಸ್ವಲ್ಪ ಕಮ್ಮಿಯಾದರೂ ಸಹಿಸಿಕೊಳ್ಳುವ ಹೆಂಗಸರು ಮರ್ಯಾದೆ ಹೋದರೆ ಮರುದಿನ ಬಸ್ ಹತ್ತುವುದಿಲ್ಲ.

ಇನ್ನು ಕೆಲಸ ಬಿಡುವವರು. ಇವರನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಆದರೆ ಊರಲ್ಲಿ ಜಾಸ್ತಿ ಮಾತಾಡುವವರು ಇವರೇ. ಮದುವೆಯಾಗಿ ಬೇರೆ ಊರಿಗೆ ಹೋದವರು ಪಿಎಫ್ ತೆಗೆಯಲು ಹೋದರೆ ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು. ಇನಿಷಿಯಲ್ ಒಂದು ಹಿಂದೆ ಮುಂದೆ ಆದರೂ ಅರ್ಜಿ ವಾಪಸ್ ಬರಬಹುದು. ಅದಕ್ಕೇ ಸೇರುವ ದಿನವೇ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಹೆಸರಿನ ಒಂದೊಂದು ಅಕ್ಷರ ನೋಡಿಯೇ ಫಾರಂ ತುಂಬಿಸುತ್ತೇನೆ.