ಸ್ಟೀಲ್ ತಂತಿಗೆ ಸ್ವಂತ ಉಗುರು: ನನ್ನ ಅನುಭವ

ಗಿಟಾರಿನ ಸ್ಟೀಲ್ ತಂತಿಗೆ ಸ್ವಂತ ಉಗುರು ತಡೆಯುವುದಿಲ್ಲ, ಅಕ್ರಿಲಿಕ್‌ನ ಕೃತಕ ಉಗುರು ಹಾಕಿಸಿಬಿಡು ಅಂತ ನನಗೆ ಹೇಳದವರೇ ಇಲ್ಲ. ವರ್ಷದ ಮೇಲಾಯಿತು, ಸ್ವಂತ ಉಗುರಲ್ಲೇ ನುಡಿಸುತ್ತಿದ್ದೇನೆ. ದಿನಕ್ಕೆ ಹೆಚ್ಚುಕಡಿಮೆ ಎರಡು ಗಂಟೆ, 12ರ ಸೆಟ್ (ಅತಿ ತೆಳು ತಂತಿ 0.012 ಇಂಚು ಇರುವ ತಂತಿಗಳ ಸೆಟ್) ಮೇಲೆ.

ಮೊದಲು ದುಡ್ಡು ಹೋದ ಕಥೆ. ಅಕ್ರಿಲಿಕ್ ಹಾಕಿಸಿದ ಮೊದಲ ವಾರ ಸದ್ದು ಭರ್ಜರಿ. ಆದರೆ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದಲ್ವಾ? ಬುಡದಲ್ಲಿ ಸಂದು ಬಿಡುತ್ತದೆ, ಎರಡು ಮೂರು ವಾರಕ್ಕೊಮ್ಮೆ ತುಂಬಿಸಬೇಕು. ಒಟ್ಟು ಖರ್ಚಿನಲ್ಲಿ ಗಿಟಾರಿನ ಸದ್ದನ್ನು ಆಂಪ್ಲಿಫೈಯರ್‌ಗೆ ಕೊಡುವ ಒಂದು ಒಳ್ಳೆಯ ಪಿಕಪ್ಪೇ ಬರುತ್ತಿತ್ತು. ಸಾಲದ್ದಕ್ಕೆ, ಹಾಕುವ ಮುಂಚೆ ಪ್ರತಿಸಲ ಮೆಷಿನ್‌ನಲ್ಲಿ ಉಜ್ಜಿ ಉಜ್ಜಿ ನನ್ನ ಉಗುರು ಕಾಗದದಷ್ಟು ತೆಳ್ಳಗಾಯಿತು. ಪೂರ್ತಿ ಹೊಸ ಉಗುರು ಬರಲು ಆರು ತಿಂಗಳು ಹಿಡಿಯಿತು. ಜೆಲ್ ಉಗುರು ಇನ್ನೂ ಮೆತ್ತಗೆ, ಸುತ್ತು ತಂತಿಗೆ (ಮೇಲೆ ಲೋಹದ ಎಳೆ ಸುತ್ತಿದ ದಪ್ಪ ತಂತಿ) ಅಂಚಿನಲ್ಲಿ ಬೇಗ ಗೀರು ಬೀಳುತ್ತಿತ್ತು. ಬೆರಳ ತುದಿಗೆ ಹಾಕಿಕೊಳ್ಳುವ ಲೋಹದ ಫಿಂಗರ್ ಪಿಕ್ಕಿಗೆ ಸದ್ದೇನೋ ಜಾಸ್ತಿ. ಆದರೆ ತಂತಿ ಬೆರಳಿಗೆ ತಾಗುವುದೇ ಇಲ್ಲ, ಯಾವ ತಂತಿ ಮೇಲಿದ್ದೇನೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಟೇಬಲ್ ಟೆನ್ನಿಸ್ ಚೆಂಡನ್ನೂ ಬಿಡಲಿಲ್ಲ. ಚೂರು ಕತ್ತರಿಸಿ ಉಗುರಿನ ಅಡಿಗೆ ಸೂಪರ್ ಗ್ಲೂ ಹಾಕಿ ಅಂಟಿಸುವುದು ನಿಮಗೂ ಗೊತ್ತಿರುತ್ತದೆ. ಹಳೆಯ ಸೆಲ್ಯುಲಾಯ್ಡ್ ಚೆಂಡಾದರೆ ಬಾಗು ಸರಿಯಾಗಿ ಕೂರುತ್ತದೆ. 2014ರಿಂದ ಪಂದ್ಯಗಳಿಗೆ ಪ್ಲಾಸ್ಟಿಕ್ ಚೆಂಡು ಬಂತು. ಅದು ನನ್ನ ಕೈಗೆ ಒಗ್ಗಲಿಲ್ಲ. ಗ್ಲೂ ಮೇಲೆ ಅಡುಗೆ ಸೋಡಾ ಉದುರಿಸಿಯೂ ನೋಡಿದೆ. ತಕ್ಷಣ ಕಲ್ಲಾಗುತ್ತದೆ, ಬೆರಳು ಚುರ್ ಅನ್ನುತ್ತದೆ. ಎರಡನೇ ದಿನ ಚಕ್ಕೆಯಾಗಿ ಎದ್ದು ಬಂತು, ಜೊತೆಗೆ ನನ್ನ ಉಗುರಿನ ಒಂದು ಪದರವೂ ಬಂತು.

ಕೊನೆಗೆ ಕೈಹಿಡಿದದ್ದು ಖಾಲಿ ಟೀ ಬ್ಯಾಗಿನ ಕಾಗದ.

ಉದ್ದ ಬೆಳೆಸುವ ಆಸೆ ಬಿಟ್ಟೆ. ಅಂಗೈ ಕಡೆಯಿಂದ ನೋಡಿದರೆ ಮಾಂಸದಾಚೆ ಒಂದು, ಒಂದೂವರೆ ಮಿ.ಮೀ. ಕಂಡರೆ ಸಾಕು. ಎರಡು ದಾಟಿದರೆ ಸ್ಟೀಲ್ ತಂತಿ ಸಿಕ್ಕಿಹಾಕಿಕೊಂಡು ಮುರಿಯುತ್ತದೆ. ಕಾಗದವನ್ನು ಮೂರು ನಾಲ್ಕು ಮಿ.ಮೀ. ಅಗಲದ ಪಟ್ಟಿ ಮಾಡಿ, ತಂತಿ ಉಗುರು ಬಿಡುವ ಜಾಗದಲ್ಲಿ ಮಾತ್ರ ಇಡುತ್ತೇನೆ. ಇಡೀ ಉಗುರಿಗೆ ಬೇಡ. ತೆಳು ಗ್ಲೂ ಒಂದು ಹನಿ ಬಿಟ್ಟರೆ ಕಾಗದ ಅದನ್ನು ಕುಡಿದು ಗಾಜಿನ ಹಾಗೆ ಪಾರದರ್ಶಕವಾಗುತ್ತದೆ. ಒಣಗಿದ ಮೇಲೆ ಇನ್ನೊಂದು ಕೋಟ್, ಅಂಚಿನ ಅಡಿಗೂ ಸ್ವಲ್ಪ. ಹೆಚ್ಚಾದ ಗ್ಲೂ ಒರೆಸಲು ಹತ್ತಿ ಮುಟ್ಟಬೇಡಿ. ಹತ್ತಿಗೆ ತಾಗಿದರೆ ಅದು ಕಾದು ಹೊಗೆಯಾಡುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಫೈಲ್, 1000, 2000 ಗ್ರಿಟ್‌ನ ನುಣುಪು ಸ್ಯಾಂಡ್ ಪೇಪರ್. ಅದಾದ ಮೇಲೆ ಇನ್ನೊಂದು ಉಜ್ಜು ಇದೆ, ಅದು ಯಾವುದರಲ್ಲಿ ಅಂತ ಸದ್ಯಕ್ಕೆ ನನ್ನಲ್ಲೇ ಇರಲಿ. ಮೊದಲ ತಂತಿಯ ಕಿರಿಕಿರಿ ಹೋಗಿದ್ದು ಅದರಿಂದಲೇ.

ಪಟ್ಟಿ ಎಂಟು ಹತ್ತು ದಿನ ಬರುತ್ತದೆ. ಮೊದಲು ಸವೆಯುವುದು ತೋರುಬೆರಳಿನದು, ನಾಲ್ಕನೇ ತಂತಿಯ ಸುತ್ತು ಅದನ್ನು ಅರದ ಹಾಗೆ ತಿನ್ನುತ್ತದೆ. ಅಸಿಟೋನ್‌ನಲ್ಲಿ ನೆನೆಸಿ ಕೀಳುವುದಿಲ್ಲ, ಸವೆದದ್ದನ್ನು ಮೆಲ್ಲಗೆ ಫೈಲ್ ಮಾಡಿ ಮೇಲೆ ಹೊಸದು ಹಾಕುತ್ತೇನೆ. ಖರ್ಚು? ಎರಡು ಮೂರು ತಿಂಗಳಿಗೊಂದು ಚಿಕ್ಕ ಗ್ಲೂ ಟ್ಯೂಬ್. ಅದೂ ಖಾಲಿಯಾಗಿ ಅಲ್ಲ, ಬಾಯಿ ಕಟ್ಟಿಕೊಂಡು ಎಸೆಯುವುದೇ ಜಾಸ್ತಿ.

ಉಗುರೇ ಬೇಡ ಅನ್ನುವವರೂ ಇದ್ದಾರೆ. ಸ್ಪೇನಿನ ಹಳೆಯ ಗಿಟಾರ್ ವಾದಕ ಫರ್ನಾಂಡೋ ಸೋರ್ ಹಾಗೇ ನುಡಿಸಿದ್ದು, ಅದೇ ದೇಶದ ಇನ್ನೊಬ್ಬ ವಾದಕ ತಾರ್ರೆಗ ಕೊನೆಯ ವರ್ಷಗಳಲ್ಲಿ ಉಗುರು ಬಿಟ್ಟರು. ಆದರೆ ಅವರದು ಕರುಳಿನ ತಂತಿ. ನನ್ನ ನೈಲಾನ್ ಗಿಟಾರಿನಲ್ಲಿ ಬರೀ ಬೆರಳು ಚೆನ್ನಾಗೇ ಕೇಳಿಸಿತು, ಸ್ಟೀಲ್‌ನಲ್ಲಿ ಮಂಕು.

ಹೆಬ್ಬೆರಳಿಗೆ ಮಾತ್ರ ಈ ಪಟ್ಟಿ ಅಷ್ಟು ಸಾಲದು. ಬಾಸ್ ಜೋರಾಗಿ ಬೇಕಾದ ದಿನ ಈಗಲೂ ಥಂಬ್ ಪಿಕ್ಕೇ ಹಾಕುತ್ತೇನೆ.